ಕುಕ್ಕರ್ ಕೂಗಬಾರದು

ಕೋಳಿ ಮೂಳೆಯ ತಿಳಿಸಾರಿಗೆ ಕುಕ್ಕರ್ ಇಡುವವರು ಮೊದಲು ಬಿಡಬೇಕಾದ ಅಭ್ಯಾಸ ಕೂಗು ಎಣಿಸುವುದು. ಬೇಳೆಗೆ ಮೂರು, ಕಡಲೆಕಾಳಿಗೆ ಐದಾರು, ಮಟನ್‌ಗೆ ಏಳೆಂಟು ಎಂಬ ಲೆಕ್ಕ ನಮ್ಮ ಅಡುಗೆಮನೆಗಳಲ್ಲಿ ತಾಯಿಯಿಂದ ಮಗಳಿಗೆ, ಈಗ ಮಗನಿಗೂ ಬಂದಿದೆ. ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದ ಸೂಟ್‌ಕೇಸುಗಳಲ್ಲಿ ಬಟ್ಟೆಯ ನಡುವೆ ಕುಕ್ಕರ್ ಬಂತು, ಅದರ ಜೊತೆಗೇ ಈ ಲೆಕ್ಕವೂ ಬಂತು. ಬೇಳೆಗೆ ಅದು ಸರಿ. ಬೇಳೆ ಒಡೆದು ನೀರಿನಲ್ಲಿ ಬೆರೆಯಲಿ ಎಂಬುದೇ ಅಲ್ಲಿ ನಮ್ಮ ಆಸೆ. ಮೂಳೆ ಸಾರಿನಲ್ಲಿ ಆಸೆ ಬೇರೆ: ಮೂಳೆ, ಚರ್ಮ, ಕೀಲುಗಳ ಸಾರವೆಲ್ಲ ನೀರಿಗೆ ಇಳಿಯಬೇಕು, ಜಿಡ್ಡು ಮಾತ್ರ ಬೆರೆಯದೆ ಮೇಲೆ ತೇಲಬೇಕು.

ವೆಯ್ಟ್ ಮೇಲೆದ್ದು ಕುಕ್ಕರ್ ಕೂಗಿದಾಗ ಒಳಗಿನ ಒತ್ತಡ ತಟಕ್ಕನೆ ಇಳಿಯುತ್ತದೆ. ಅಲ್ಲಿಯವರೆಗೆ ಒತ್ತಡದ ಕೆಳಗೆ ಅಲುಗಾಡದೆ ಇದ್ದ, ನೂರ ಇಪ್ಪತ್ತು ಡಿಗ್ರಿಯಷ್ಟು ಬಿಸಿಯ ನೀರು ಆ ಕ್ಷಣ ಕೊತಕೊತನೆ ಕುದ್ದು ತಳಮೇಲಾಗುತ್ತದೆ. ಕರಗಿದ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಒಡೆದು ಸಾರಿನೊಳಗೆ ಸೇರಿಕೊಳ್ಳುತ್ತದೆ. ಹತ್ತು ಕೂಗು ಆಗುವಷ್ಟರಲ್ಲಿ ತಿಳಿಯಾಗಬೇಕಿದ್ದ ಸಾರು ಬಗ್ಗಡ. ಎರಡನೆಯ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುತ್ತದೆ. ಪ್ರತಿ ಕೂಗಿಗೂ ಮನೆ ತುಂಬ ಹರಡುವ ಆ ಪರಿಮಳ ಬಟ್ಟಲಲ್ಲಿ ಇರಬೇಕಾದ್ದು.

ಇದನ್ನು ನ್ಯೂಯಾರ್ಕಿನಲ್ಲೇ ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿದವರಿದ್ದಾರೆ. ಮ್ಯಾನ್‌ಹಟನ್‌ನ ಫ್ರೆಂಚ್ ಕ್ಯುಲಿನರಿ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಹೇಳುತ್ತಿದ್ದ ಡೇವ್ ಆರ್ನಾಲ್ಡ್ ಮತ್ತು ನಿಲ್ಸ್ ನೊರೆನ್ 2010ರ ಆಸುಪಾಸಿನಲ್ಲಿ ಸಾಮಾನ್ಯ ಪಾತ್ರೆಯ ಸ್ಟಾಕ್, ಆವಿ ಬಿಡುವ ಕುಕ್ಕರಿನ ಸ್ಟಾಕ್, ಆವಿ ಬಿಡದೆ ಒತ್ತಡ ಹಿಡಿಯುವ ಸ್ವಿಸ್ ಕುಕ್ಕರಿನ ಸ್ಟಾಕ್ ಮೂರನ್ನೂ ಹೋಲಿಸಿದರು. ಆವಿ ಬಿಡದ ಕುಕ್ಕರಿನದೇ ಗೆದ್ದಿತು, ಆವಿ ಬಿಡುವುದು ಹಿಂದೆ ಬಿತ್ತು. ನಮ್ಮ ಪ್ರೆಸ್ಟೀಜ್, ಹಾಕಿನ್ಸ್‌ಗಳು ಆವಿ ಬಿಡುವ ಜಾತಿಯವು. ಆದರೆ ಉರಿ ನಮ್ಮ ಕೈಯಲ್ಲಿದೆ. ಉರಿ ಸಾಕಷ್ಟು ತಗ್ಗಿಸಿದರೆ ಅವೂ ಕೂಗದೆ ಒತ್ತಡ ಹಿಡಿದು ನಿಲ್ಲುತ್ತವೆ.

ಕುಕ್ಕರ್ ಹುಟ್ಟಿದ್ದೇ ಮೂಳೆಗಾಗಿ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದ ಸಂಗತಿ. ಫ್ರಾನ್ಸಿನ ದೆನಿ ಪಾಪ್ಯಾಂ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಯಂತ್ರ ಗಟ್ಟಿ ಮುಚ್ಚಳದ, ಒತ್ತಡದ ಪಾತ್ರೆ. 1681ರಲ್ಲಿ ಅದರ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲೇ ಮೂಳೆ ಮೆತ್ತಗಾಗಿಸುವ ಯಂತ್ರ ಎಂದು ಹೇಳಿಕೊಂಡ. ಬಿಸಾಡುವ ಮೂಳೆಯಿಂದ ಬಡವರಿಗೆ ಆಹಾರ ತೆಗೆಯಬಹುದೆಂಬುದು ಅವನ ಹಂಬಲ. ಪಾತ್ರೆ ಸಿಡಿಯದಿರಲೆಂದು ತೂಕವಿಟ್ಟ ಸೇಫ್ಟಿ ವಾಲ್ವ್ ಮಾಡಿದವನೂ ಅವನೇ. ನಮ್ಮ ಕುಕ್ಕರಿನ ವೆಯ್ಟ್ ಅದರ ವಂಶದ್ದು. 1682ರ ಏಪ್ರಿಲ್‌ನಲ್ಲಿ ಸೊಸೈಟಿಯ ಸದಸ್ಯರಿಗೆ ಆ ಯಂತ್ರದಲ್ಲಿ ಬೇಯಿಸಿದ ಊಟ ಬಡಿಸಿದ. ಅಲ್ಲಿದ್ದ ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಮೂಳೆಯಿಂದ ತೆಗೆದ ಜೆಲ್ಲಿಯನ್ನು ಅದರ ತಿಳಿಗೂ ರುಚಿಗೂ ಹೊಗಳಿ ಬರೆದಿಟ್ಟಿದ್ದಾನೆ. ಮುನ್ನೂರ ನಲವತ್ತು ವರ್ಷಗಳ ಹಿಂದೆಯೇ ಅಳತೆಗೋಲು ಸಿಕ್ಕಿತ್ತು: ತಿಳಿಯಾಗಿರಬೇಕು, ತಣ್ಣಗಾದರೆ ಹೆಪ್ಪುಗಟ್ಟಬೇಕು.

ಹೆಪ್ಪುಗಟ್ಟಿಸುವುದು ಜೆಲಟಿನ್. ಚರ್ಮ, ಕೀಲು, ನರ, ಮೃದ್ವಸ್ಥಿಯಲ್ಲಿರುವ ಕೊಲ್ಯಾಜೆನ್ ಎಂಬ ಗಟ್ಟಿ ಪ್ರೋಟೀನು ನೀರಿನ ಬಿಸಿಗೆ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ತೆರೆದ ಪಾತ್ರೆಯಲ್ಲಿ ನೀರು ನ್ಯೂಜೆರ್ಸಿಯ ತೀರದಲ್ಲಿ 100 ಡಿಗ್ರಿ ದಾಟದು, ಬೆಂಗಳೂರಿನ ಎತ್ತರದಲ್ಲಿ 97ಕ್ಕೇ ನಿಲ್ಲುತ್ತದೆ. ಕುಕ್ಕರಿನಲ್ಲಿ 120ರ ಹತ್ತಿರ ಹೋಗುತ್ತದೆ. ಅದಕ್ಕೇ ಆರೇಳು ಗಂಟೆಯ ಕೆಲಸ ಒಂದು ಗಂಟೆಗೆ ಇಳಿಯುವುದು. ಆದರೆ ಯಾವ ಒತ್ತಡವೂ ಇಲ್ಲದ ಜೆಲಟಿನ್ನನ್ನು ಹುಟ್ಟಿಸಲಾರದು. ಹಾಗಾಗಿ ಅರ್ಧ ಗೆಲುವು ಅಂಗಡಿಯಲ್ಲೇ ಆಗಬೇಕು.

ಎಡಿಸನ್, ಐಸೆಲಿನ್‌ಗಳ ಓಕ್ ಟ್ರೀ ರೋಡಿನ ಸುತ್ತ ವಾಸಿಸುವ ನಾವು ಸಾಮಾನ್ಯವಾಗಿ ಹಲಾಲ್ ಅಂಗಡಿಯಿಂದ ಚರ್ಮ ಸುಲಿದು ತುಂಡು ಮಾಡಿದ ಕೋಳಿ ತರುತ್ತೇವೆ. ಸಾರಿಗೆ, ಬಿರಿಯಾನಿಗೆ ಅದೇ ಅನುಕೂಲ. ಮೂಳೆ ಸಾರಿಗೆ ಬೇಕಾದದ್ದು ಮಾತ್ರ ಅಲ್ಲಿ ಕೌಂಟರಿನ ಹಿಂದೆಯೇ ಉಳಿದುಬಿಡುತ್ತದೆ. ಬೆನ್ನು, ಕತ್ತು, ರೆಕ್ಕೆಯ ತುದಿ ಬೇಕೆಂದು ಕೇಳಿ, ಕಡಿಮೆ ಬೆಲೆಗೆ ಕೊಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಕೋಳಿ ಕಾಲು ಎಡಿಸನ್, ಫೋರ್ಟ್ ಲೀಗಳ ಎಚ್ ಮಾರ್ಟ್‌ನಲ್ಲಿ, ಚೀನೀ ಅಂಗಡಿಗಳಲ್ಲಿ ತೊಳೆದು ಪ್ಯಾಕ್ ಮಾಡಿ ಇಟ್ಟಿರುತ್ತಾರೆ. ಕೋಳಿ ಕಾಲಿನಲ್ಲಿ ಮಾಂಸವೇ ಇಲ್ಲ, ಇರುವುದೆಲ್ಲ ಚರ್ಮ, ನರ, ಕೀಲು. ನಮ್ಮ ಹಳ್ಳಿಗಳಲ್ಲಿ ಕೋಳಿ ಕೊಯ್ದ ದಿನ ಪುಕ್ಕ ಕಿತ್ತು, ಅರಿಶಿನ ಹಚ್ಚಿ, ಬೆಂಕಿಗೆ ಹಿಡಿದು ಸುಟ್ಟು, ಕಾಲನ್ನೂ ಸಾರಿಗೇ ಹಾಕುತ್ತಿದ್ದರು. ಬೆಂಗಳೂರು, ಮಂಡ್ಯ ಸೀಮೆಯ ಮಿಲಿಟರಿ ಹೋಟೆಲುಗಳಲ್ಲಿ ಬೆಳಿಗ್ಗೆ ಕುರಿಯ ಕಾಲು ಸೂಪಿಗೆ ಕಾಯುವವರಿಗೆ ತುಟಿಗೆ ಅಂಟುವ ಆ ಗುಣದ ಬೆಲೆ ಗೊತ್ತು. ಅಮೆರಿಕಕ್ಕೆ ಬಂದ ಮೇಲೆ ಕಾಲು ನೋಡಿ ಮುಖ ಸಿಂಡರಿಸುವುದು ನಮಗೆ ಒಪ್ಪುವುದಿಲ್ಲ.

ರುಚಿಗೆ ಬೇಕಾದದ್ದು ವಯಸ್ಸಾದ ಹಕ್ಕಿ. ಸೂಪರ್ ಮಾರ್ಕೆಟ್ಟಿನ ಬ್ರಾಯ್ಲರ್ ಆರೇಳು ವಾರದ ಮರಿ, ಮೂಳೆಯೇ ಇನ್ನೂ ಬಲಿತಿರುವುದಿಲ್ಲ. ಮೊಟ್ಟೆಯಿಟ್ಟು ಮುಗಿಸಿದ ಒಂದೂವರೆ ವರ್ಷದ ಹೇಂಟೆಯ ಸಾರು ನಾಟಿ ಕೋಳಿಯ ಸಾರಿಗೆ ಹತ್ತಿರ ಬರುತ್ತದೆ. ಇಲ್ಲಿ ಅದನ್ನು ‘ಸ್ಟೂಯಿಂಗ್ ಹೆನ್’ ಎಂದೋ ‘ಫೌಲ್’ ಎಂದೋ ಕೇಳಬೇಕು. ಪ್ಯಾಟರ್ಸನ್, ನ್ಯೂವಾರ್ಕ್, ಕ್ವೀನ್ಸ್‌ಗಳಲ್ಲಿ ಜೀವಂತ ಕೋಳಿ ಮಾರುವ ಅಂಗಡಿಗಳಿವೆ, ತೋರಿಸಿದ ಹಕ್ಕಿಯನ್ನು ಕೊಯ್ದು ಕಾಲು ಸಮೇತ ಕೊಡುತ್ತಾರೆ. 2025ರ ಫೆಬ್ರವರಿಯಲ್ಲಿ ಹಕ್ಕಿ ಜ್ವರದಿಂದಾಗಿ ನ್ಯೂಯಾರ್ಕ್ ನಗರ ಮತ್ತು ಸುತ್ತಲಿನ ಮೂರು ಕೌಂಟಿಗಳ ಇಂಥ ಅಂಗಡಿಗಳನ್ನು ರಾಜ್ಯಪಾಲೆ ಕ್ಯಾಥಿ ಹೋಕಲ್ ಕೆಲ ದಿನ ಮುಚ್ಚಿಸಿದ್ದರು. ಹಾಗಾಗಿ ಹೋಗುವ ಮೊದಲು ಒಂದು ಫೋನ್ ಮಾಡುವುದು ಒಳ್ಳೆಯದು. ಕಾಸ್ಟ್ಕೋದ ರೋಟಿಸರಿ ಕೋಳಿ ತಿಂದು ಮುಗಿಸಿದ ಮೇಲೆ ಉಳಿಯುವ ಗೂಡೂ ಚೆನ್ನಾಗಿಯೇ ಬೇಯುತ್ತದೆ. ಅದಕ್ಕೆ ಆಗಲೇ ಉಪ್ಪು ಹಿಡಿದಿರುತ್ತದೆ ಎಂಬುದನ್ನು ಮರೆಯಬಾರದು, ಅದೊಂದರಿಂದಲೇ ಹೆಪ್ಪನ್ನೂ ನಿರೀಕ್ಷಿಸಬಾರದು.

ಐದು ಲೀಟರಿನ ಕುಕ್ಕರಿಗೆ ಎರಡು ಪೌಂಡ್ ಬೆನ್ನು, ಕತ್ತು, ರೆಕ್ಕೆ ಮತ್ತು ಒಂದು ಪೌಂಡ್ ಕಾಲು ಸಾಕು. ಕಾಲಿನ ಉಗುರು ಕತ್ತರಿಸಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಬದಲು ಬೇರೆ ಪಾತ್ರೆಯಲ್ಲಿ ತಣ್ಣೀರು ಹಾಕಿ ಒಲೆಗಿಟ್ಟು, ಕುದಿ ಬಂದ ಮೇಲೆ ಐದು ನಿಮಿಷ ಬಿಟ್ಟು ಆ ನೀರನ್ನು ನೊರೆ ಸಮೇತ ಚೆಲ್ಲಿ. ರಕ್ತ, ಕಸರು ಎಲ್ಲ ಅಲ್ಲೇ ಹೋಗುತ್ತದೆ. ಆಮೇಲೆ ಮೂಳೆಗಳನ್ನು ಕುಕ್ಕರಿಗೆ ಹಾಕಿ ಮುಳುಗುವಷ್ಟೇ ನೀರು ಸುರಿಯಿರಿ, ಸುಮಾರು ಒಂದೂಮುಕ್ಕಾಲು ಲೀಟರ್. ಎಲ್ಲ ಸೇರಿ ಕುಕ್ಕರಿನ ಮೂರನೇ ಎರಡು ಭಾಗ ದಾಟಕೂಡದು. ನೀರು ಹೆಚ್ಚಿದರೆ ಸಾರೂ ಹೆಚ್ಚುತ್ತದೆಂಬ ಆಸೆಯಿಂದಲೇ ಬಹಳ ಮನೆಗಳಲ್ಲಿ ಇದು ತೆಳ್ಳಗಾಗುವುದು. ಒಂದು ಈರುಳ್ಳಿ, ಹೆಬ್ಬೆರಳಷ್ಟು ಶುಂಠಿ, ಹತ್ತು ಮೆಣಸಿನಕಾಳು, ಕೊತ್ತಂಬರಿ ಸೊಪ್ಪಿನ ದಂಟು. ಅಷ್ಟೇ. ಚಕ್ಕೆ, ಲವಂಗ, ಅರಿಶಿನ, ಟೊಮೆಟೊ ಈಗ ಬೇಡ. ಒತ್ತಡದಲ್ಲಿ ಲವಂಗ ಎಲ್ಲವನ್ನೂ ನುಂಗಿಬಿಡುತ್ತದೆ. ಉಪ್ಪು ಕೊನೆಗೆ.

ದೊಡ್ಡ ಉರಿಯಲ್ಲಿಟ್ಟು, ವೆಯ್ಟ್ ಅಲುಗಲು ಶುರುವಾದ ಕೂಡಲೇ ಉರಿಯನ್ನು ತೀರಾ ಸಣ್ಣ ಮಾಡಿ. ಇಲ್ಲಿನ ಅಪಾರ್ಟ್‌ಮೆಂಟುಗಳ ಕರೆಂಟ್ ಕಾಯಿಲ್ ಒಲೆಯಲ್ಲಿ ಇದೇ ಕಷ್ಟ. ಗುಂಡಿ ತಿರುಗಿಸಿದರೂ ಕೆಂಪಗೆ ಕಾದ ಕಾಯಿಲ್ ಕೆಲವು ನಿಮಿಷ ಕಾದೇ ಇರುತ್ತದೆ, ಅಷ್ಟರಲ್ಲಿ ಕುಕ್ಕರ್ ನಾಲ್ಕು ಸಲ ಕೂಗಿರುತ್ತದೆ. ಪಕ್ಕದ ಒಲೆಯನ್ನು ಮೊದಲೇ ಸಣ್ಣ ಉರಿಯಲ್ಲಿ ಹಚ್ಚಿಟ್ಟುಕೊಂಡು, ವೆಯ್ಟ್ ಅಲುಗಿದಾಗ ಕುಕ್ಕರನ್ನು ಅದಕ್ಕೆ ಎತ್ತಿಡುವುದೇ ಉಪಾಯ. ಸುಯ್ ಎಂಬ ಸಣ್ಣ ಉಸಿರು ಕೇಳುತ್ತಿರಬೇಕು, ವೆಯ್ಟ್ ಏಳಬಾರದು. ಉಸಿರೂ ನಿಂತರೆ ಉರಿ ಒಂದು ಕೂದಲೆಳೆ ಹೆಚ್ಚಿಸಿ. ಹೀಗೆ ಐವತ್ತು ನಿಮಿಷ, ಹೇಂಟೆಯಾದರೆ ಒಂದೂಕಾಲು ಗಂಟೆ. ಅದಕ್ಕಿಂತ ಬಿಟ್ಟರೆ ಮೂಳೆ ಸುಣ್ಣದಂತೆ ಪುಡಿಯಾಗುತ್ತದೆ, ಜೆಲಟಿನ್ ಕೂಡ ಒಡೆದು ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಮೂಳೆ ಸಾರಿನಲ್ಲಿ ಹೆಚ್ಚು ಹೊತ್ತು ಎಂದರೆ ಹೆಚ್ಚು ಸತ್ವ ಎಂಬ ನಂಬಿಕೆ ಕುಕ್ಕರಿಗೆ ಅನ್ವಯಿಸುವುದಿಲ್ಲ.

ಒಲೆ ಆರಿಸಿದ ಮೇಲಿನ ಅರ್ಧ ಗಂಟೆ ಅಡುಗೆಯದೇ ಭಾಗ. ಚಮಚದಿಂದ ವೆಯ್ಟ್ ಎತ್ತಿ ಆವಿ ಬಿಡುವುದು, ನಲ್ಲಿಯ ಕೆಳಗೆ ಹಿಡಿಯುವುದು ಎರಡೂ ಕೂಡದು. ಇಷ್ಟು ಹೊತ್ತು ತಡೆದ ಕೂಗನ್ನೆಲ್ಲ ಒಂದೇ ಸಲಕ್ಕೆ ಕೂಗಿಸಿದ ಹಾಗಾಗುತ್ತದೆ. ಒತ್ತಡ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು, ಜರಡಿಯಲ್ಲಿ, ಆಮೇಲೆ ಒದ್ದೆ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ. ಹಿಂಡಬೇಡಿ. ಬಸ್ಸಾರಿಗೆ ಕಟ್ಟು ಬಸಿಯುವವರಿಗೆ ಈ ತಾಳ್ಮೆ ಹೊಸದಲ್ಲ.

ಸೋಸಿದ ಪಾತ್ರೆಯನ್ನು ಸಿಂಕಿನಲ್ಲಿ ಐಸ್ ನೀರಿನೊಳಗೆ ಇಟ್ಟು ಬೇಗ ತಣಿಸಿ, ಅಗಲದ ಚಿಕ್ಕ ಡಬ್ಬಗಳಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ. ಬಿಸಿ ಕುಕ್ಕರನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡುವುದು ಅಪಾಯ, ಕೆಟ್ಟ ಸೂಕ್ಷ್ಮಜೀವಿಗಳಿಗೆ ಇಂಥ ಬೆಚ್ಚನೆಯ ಸಾರಿಗಿಂತ ಒಳ್ಳೆಯ ಜಾಗವಿಲ್ಲ. ಜನವರಿಯ ಚಳಿಯನ್ನು ನಂಬಿ ಗ್ಯಾರೇಜಿನಲ್ಲಿ ಇಡುವುದನ್ನೂ ನಾನು ಒಪ್ಪುವುದಿಲ್ಲ, ಅಲ್ಲಿಯ ಚಳಿ ಹಗಲಿಗೊಂದು ರಾತ್ರಿಗೊಂದು. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು ಇಡಬಹುದು. ಬೆಳಿಗ್ಗೆ ಡಬ್ಬ ತೆರೆದಾಗ ಮೇಲೆ ಹಳದಿ ಕೊಬ್ಬಿನ ಪದರ, ಕೆಳಗೆ ಅಲ್ಲಾಡಿಸಿದರೆ ನಡುಗುವ ಹೆಪ್ಪು ಇರಬೇಕು. ಇಲ್ಲದಿದ್ದರೆ ಒಂದೋ ನೀರು ಹೆಚ್ಚಾಯಿತು, ಇಲ್ಲವೇ ಕಾಲು ಕಡಿಮೆಯಾಯಿತು. ಕೊಬ್ಬನ್ನು ಎತ್ತಿ ಬೇರೆ ಇಡಿ, ಪಲಾವಿನ ಒಗ್ಗರಣೆಗೆ ಅದಕ್ಕಿಂತ ರುಚಿಯ ಜಿಡ್ಡು ಸಿಗದು.

ನ್ಯೂಯಾರ್ಕಿನಲ್ಲಿ ಮೂಳೆ ಸಾರು ಫ್ಯಾಷನ್ ಆಗಿಯೂ ಮೆರೆಯಿತು. 2014ರ ನವೆಂಬರಿನಲ್ಲಿ ಮಾರ್ಕೊ ಕನೋರ ಎಂಬ ಬಾಣಸಿಗ ಈಸ್ಟ್ ವಿಲೇಜಿನ ತಮ್ಮ ಹಾರ್ತ್ ರೆಸ್ಟೊರೆಂಟಿನ ಕಿಟಕಿಯಿಂದ ಬ್ರೋಡೊ ಎಂಬ ಹೆಸರಲ್ಲಿ ಕಾಫಿ ಲೋಟದಲ್ಲಿ ಬಿಸಿ ಸಾರು ಮಾರಲು ಶುರುಮಾಡಿದರು. ಅದು ಒಳ್ಳೆಯ ಸಾರು, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದರ ಸುತ್ತ ಬೆಳೆದ ಮಾತಿನ ಮೇಲೆ. ವಿನೆಗರ್ ಹಾಕಿದರೆ ಮೂಳೆಯ ಕ್ಯಾಲ್ಸಿಯಂ ಎಲ್ಲ ಇಳಿದುಬರುತ್ತದೆ ಎನ್ನುತ್ತಾರೆ. ಲಂಡನ್ನಿನಲ್ಲಿ ಮೆಕ್ಯಾನ್ಸ್, ಶೆಲ್ಡನ್, ವಿಡೋಸನ್ 1934ರಲ್ಲೇ ಮೂಳೆ ಸಾರನ್ನು ಪರೀಕ್ಷಿಸಿ ಅದರಲ್ಲಿ ಕ್ಯಾಲ್ಸಿಯಂ ಅತ್ಯಲ್ಪ ಎಂದು ತೋರಿಸಿದ್ದರು. ಕ್ಯಾಲ್ಸಿಯಂ ಬೇಕಾದರೆ ಪಕ್ಕದಲ್ಲಿ ಮುದ್ದೆ ಇಡಿ, ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚಿದೆ. ಮುದ್ದೆ ಜೊತೆಗೆ ಕೋಳಿ ಸಾರು ಎಂಬ ನಮ್ಮ ಊಟದಲ್ಲಿ ಎರಡೂ ಒಂದಕ್ಕೊಂದು ಒದಗಿಬರುತ್ತವೆ. ನೆಗಡಿಗೆ ಕೋಳಿ ಸೂಪು ಎಂಬ ಮಾತಿಗೆ ಮಾತ್ರ ತುಸು ಆಧಾರವಿದೆ. ಹನ್ನೆರಡನೇ ಶತಮಾನದ ಯಹೂದಿ ವೈದ್ಯ ಮೈಮೊನಿಡೀಸ್ ಅದನ್ನು ಹೇಳಿದ್ದ, ನ್ಯೂಯಾರ್ಕಿನ ಯಹೂದಿ ಅಜ್ಜಿಯರು ಇಂದಿಗೂ ನಂಬುತ್ತಾರೆ. 2000ದಲ್ಲಿ ನೆಬ್ರಾಸ್ಕದ ಡಾ. ಸ್ಟೀಫನ್ ರೆನಾರ್ಡ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ, ಉರಿಯೂತ ತರುವ ಬಿಳಿ ರಕ್ತಕಣಗಳ ಓಡಾಟವನ್ನು ಕೋಳಿ ಸೂಪು ತಗ್ಗಿಸುತ್ತದೆಂದು ಕಂಡರು. ಅದು ಗಾಜಿನ ತಟ್ಟೆಯ ಪ್ರಯೋಗ, ರೋಗಿಯ ಮೇಲಿನದಲ್ಲ.

ಹೆಪ್ಪುಗಟ್ಟಿದ ಈ ಸಾರು ಮನೆಯಲ್ಲಿದ್ದರೆ ಕೆಲಸ ಹಗುರ. ಹುರಿದ ದನಿಯ, ಮೆಣಸು, ತೆಂಗಿನಕಾಯಿ ರುಬ್ಬಿ ಹಾಕಿದರೆ ಆರು ವಾರದ ಬ್ರಾಯ್ಲರ್ ಕೋಳಿಯ ಸಾರಿಗೂ ಊರಿನ ಮೈ ಬರುತ್ತದೆ. ದೊನ್ನೆ ಬಿರಿಯಾನಿಯ ಜೀರಿಗೆ ಸಾಂಬಾ ಅಕ್ಕಿಗೆ ನೀರಿನ ಬದಲು ಇದನ್ನು ಹಾಕಿ ನೋಡಿ. ನನಗೆ ಅತ್ಯಂತ ಇಷ್ಟ ಸರಳವಾದದ್ದು: ಬಿಸಿ ಮಾಡಿ, ಜಜ್ಜಿದ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಉಪ್ಪು, ಕೊನೆಗೆ ನಿಂಬೆಹಣ್ಣಿನ ನಾಲ್ಕು ಹನಿ. ಬಾಣಂತಿಯರಿಗೆ ಕೊಡುವಾಗ ನಿಂಬೆ ಬಿಟ್ಟು ಮೆಣಸು ಒಂದಿಷ್ಟು ಹೆಚ್ಚು ಮಾಡುವುದು ನಮ್ಮ ಕಡೆಯ ರೂಢಿ.

ಹೊಸ ಕುಕ್ಕರ್ ಕೊಳ್ಳಬೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಕೆನಡಾದ ಒಟ್ಟಾವಾದಲ್ಲಿ ರಾಬರ್ಟ್ ವಾಂಗ್ ರೂಪಿಸಿ 2010ರಲ್ಲಿ ಮಾರುಕಟ್ಟೆಗೆ ತಂದ ಇನ್‌ಸ್ಟಂಟ್ ಪಾಟ್ ಕೂಗುವುದೇ ಇಲ್ಲ, ಕಾಯಿಲ್ ಒಲೆಯ ತಾಪತ್ರಯವೂ ಅದಕ್ಕಿಲ್ಲ. ಒತ್ತಡ ನಮ್ಮ ಕುಕ್ಕರಿಗಿಂತ ಕಡಿಮೆಯಾದ್ದರಿಂದ ಇಪ್ಪತ್ತು ನಿಮಿಷ ಹೆಚ್ಚು ಇಡಬೇಕು. ಮನೆಯಲ್ಲಿದ್ದರೆ ಈ ಸಾರಿಗೆ ಅದನ್ನೇ ಬಳಸಿ. ಇಲ್ಲದಿದ್ದರೆ ಇದೊಂದಕ್ಕಾಗಿ ಕೊಳ್ಳಬೇಡಿ, ಊರಿಂದ ತಂದ ಕುಕ್ಕರ್ ಸಾಕು. ಮಾಂಸ ತಿನ್ನದ ಹಿರಿಯರು ಬಂದು ಹೋಗುವ ಮನೆಯಾದರೆ ಇದಕ್ಕೊಂದು ಬೇರೆ ಗ್ಯಾಸ್ಕೆಟ್ ಇಟ್ಟುಕೊಳ್ಳಿ. ರಬ್ಬರಿಗೆ ಹಿಡಿದ ಕೋಳಿಯ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ, ಅವರ ಅನ್ನಕ್ಕೆ ಅದು ಬರಬಾರದು. ಖರ್ಚು ಮಾಡಬೇಕಾದದ್ದು ಆ ಒಂದು ಗ್ಯಾಸ್ಕೆಟ್‌ಗೆ ಮತ್ತು ಒಂದು ಪೌಂಡ್ ಕೋಳಿ ಕಾಲಿಗೆ.