ಮನೆಯ ನೆನಪಿಗೆ ಬೀಗ

ವಿಮರ್ಶೆ ಬರೆಯುವವನ ಮುಂದೆ ಸಾಮಾನ್ಯವಾಗಿ ಇರುವುದು ಪುಸ್ತಕ. ಈ ವಾರ ನನ್ನ ಮುಂದಿರುವುದು ನಮ್ಮದೇ ಮನೆತನದ ಒಂದು ಚಿತ್ರಸಂಪುಟ. ಅದು ಅಚ್ಚಾಗಿಲ್ಲ, ಮಾರಾಟಕ್ಕಿಲ್ಲ; ಓದುಗರು ಬಯಸಿದರೂ ನೋಡುವಂತಿಲ್ಲ. ಮೂವತ್ತೊಂದು ಮಂದಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಹಾಗಿದ್ದ ಮೇಲೆ ಊರೆಲ್ಲ ಓದುವ ಪುಟದಲ್ಲಿ ಅದರ ಮಾತೇಕೆ ಎಂದು ಯಾರಾದರೂ ಕೇಳಬಹುದು. ಇಂಥ ಸಂಪುಟಗಳು ಈಗ ಓದುಗರಲ್ಲಿ ಅನೇಕರ ಮನೆಗಳಲ್ಲಿಯೂ ಸಿದ್ಧವಾಗುತ್ತಿವೆ. ಎಲ್ಲ ಬರವಣಿಗೆಗೂ ಇರುವಂತೆ ಅವಕ್ಕೂ ಗುಣದೋಷಗಳುಂಟು. ಅವನ್ನು ತೂಗಿ ನೋಡುವ ಕೆಲಸ ಯಾರದೂ ಅಲ್ಲವೆಂದು ಬಿಟ್ಟುಬಿಡುವುದು ಸರಿಯಲ್ಲವೆಂದು ನನಗೆ ತೋರಿತು.

ಸಂಗತಿ ಇಷ್ಟು. ಕಳೆದ ಯುಗಾದಿಯಂದು ಅಮೆರಿಕದಲ್ಲಿರುವ ನಮ್ಮಣ್ಣನ ಮಗ ಫೋನು ಮಾಡಿ, “ಚಿಕ್ಕಪ್ಪ, ನಮ್ಮ ಮನೆಯವರಿಗೇ ಅಂತ ಒಂದು ಜಾಲ ಮಾಡಿದೀನಿ. ಹಳೇ ಫೋಟೋ ಎಲ್ಲಾ ಅದರಲ್ಲಿ ಹಾಕ್ತಿದೀನಿ. ಹೊರಗಿನವರು ಯಾರೂ ಬರೋ ಹಾಗಿಲ್ಲ. ನೀವೂ ಸೇರ್ಕೊಳ್ಳಿ,” ಎಂದ. ಸೇರಿಕೊಂಡೆ. ಹಿಂದಿನ ಬಾರಿ ಊರಿಗೆ ಬಂದಿದ್ದಾಗ ಅವನು ಅಟ್ಟದ ಟ್ರಂಕನ್ನು ಇಳಿಸಿ, ಗೆದ್ದಲಿಗೆ ಅರ್ಧ ಆಹುತಿಯಾಗಿದ್ದ ಚಿತ್ರಗಳನ್ನು ಒಂದೊಂದಾಗಿ ಒರೆಸಿ ಸ್ಕ್ಯಾನು ಮಾಡಿಕೊಂಡು ಹೋಗಿದ್ದ. ಅವೆಲ್ಲ ಈಗ ನನ್ನ ಅಂಗೈಯಲ್ಲಿ ಬೆಳಗುತ್ತಿದ್ದವು. ನಮ್ಮ ತಾಯಿ ಮದುವಣಗಿತ್ತಿಯಾಗಿ ನಿಂತ ಚಿತ್ರವನ್ನು ನಾನು ಅರುವತ್ತು ವರ್ಷಗಳಿಂದ ನೋಡಿರಲಿಲ್ಲ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆದ್ದರಿಂದ, ಮುಂದೆ ನಾನು ಆಡುವ ಆಕ್ಷೇಪದ ಮಾತುಗಳನ್ನು ಕೃತಘ್ನನ ಮಾತುಗಳೆಂದು ಯಾರೂ ಎಣಿಸಬಾರದು.

ಇಂಥ ಖಾಸಗಿ ಜಾಲಗಳು ಹುಟ್ಟಿದ್ದು ಸಂತೆಯ ಗದ್ದಲಕ್ಕೆ ಬೇಸತ್ತು. ದೊಡ್ಡ ಜಾಲಗಳಲ್ಲಿ ಕಂಡವರೆಲ್ಲ ಸ್ನೇಹಿತರು; ಮಗುವಿನ ನಾಮಕರಣದ ಚಿತ್ರವನ್ನು ಗುರುತುಪರಿಚಯವಿಲ್ಲದವರೂ ನೋಡುತ್ತಾರೆ. ಅದಕ್ಕೆ ಎದುರಾಗಿ 2010ರಲ್ಲಿ ಅಮೆರಿಕದಲ್ಲಿ ‘ಪಾತ್’ ಎಂಬ ಜಾಲ ಹೊರಟಿತು; ಒಬ್ಬೊಬ್ಬರಿಗೆ ಐವತ್ತೇ ಮಂದಿ ಆಪ್ತರು ಎಂದು ಮೊದಲಿಗೆ ಮಿತಿ ಇಟ್ಟಿತು. 2015ರಲ್ಲಿ ಜಪಾನಿನ ಮಿಕ್ಸಿ ಸಂಸ್ಥೆ ‘ಮಿತೆನೆ’ ಎಂಬುದನ್ನು ತಂದಿತು. ಮೊಮ್ಮಕ್ಕಳ ಚಿತ್ರಗಳನ್ನು ದೂರದ ಅಜ್ಜಿತಾತಂದಿರು ಮಾತ್ರ ನೋಡಲೆಂಬುದು ಅದರ ಉದ್ದೇಶ. ಹೆಸರಿನ ಅರ್ಥ ಸುಮಾರಾಗಿ ‘ನೋಡು ಮತ್ತೆ’ ಎಂದು. ನಮ್ಮಲ್ಲಿ ವಾಟ್ಸ್‌ಆ್ಯಪ್ಪಿನ ಮನೆಗುಂಪುಗಳು ಇದೇ ಕೆಲಸವನ್ನು ಅಡ್ಡಾದಿಡ್ಡಿಯಾಗಿ ಮಾಡುತ್ತಿವೆ. ಅಲ್ಲಿ ತಿಥಿಯ ಚಿತ್ರದ ಮೇಲೆ ತಕ್ಷಣ ಒಂದು ಶುಭೋದಯದ ಗುಲಾಬಿ ಬಂದು ಕೂರುತ್ತದೆ.

ಏಕಾಂತವನ್ನು ಬಯಸುವುದು ತಪ್ಪಲ್ಲ. ಫ್ರೆಂಚ್ ವಿಮರ್ಶಕ ರೋಲಾ ಬಾರ್ತ್ 1980ರಲ್ಲಿ ಛಾಯಾಚಿತ್ರವನ್ನು ಕುರಿತು ‘ಕ್ಯಾಮೆರಾ ಲುಸಿಡಾ’ ಎಂದು ಇಂಗ್ಲಿಷಿನಲ್ಲಿ ಹೆಸರಾದ ಪುಸ್ತಕ ಬರೆದ. ತೀರಿಹೋದ ತನ್ನ ತಾಯಿ ಐದು ವರ್ಷದ ಹುಡುಗಿಯಾಗಿದ್ದಾಗ, 1898ರಲ್ಲಿ, ತೆಗೆದ ಒಂದು ಚಿತ್ರವೇ ಆ ಪುಸ್ತಕದ ಹೃದಯ. ಬೇರೆ ಹಲವು ಚಿತ್ರಗಳನ್ನು ಅಚ್ಚು ಮಾಡಿದವನು ಅದೊಂದನ್ನು ಮಾತ್ರ ಮಾಡಲಿಲ್ಲ. ಇತರರಿಗೆ ಅದು ಯಾವುದೋ ಹಳೆಯ ಹುಡುಗಿಯ ಚಿತ್ರ. ಅವನಿಗೆ ಮಾತ್ರ ಅದು ತಾಯಿ. ಇದಕ್ಕಿಂತ ಚೆನ್ನಾಗಿ ಮನೆಯ ಬಾಗಿಲನ್ನು ಮುಚ್ಚಿದವರನ್ನು ನಾನು ಕಾಣೆ. ಆದರೆ ಒಂದನ್ನು ಗಮನಿಸಬೇಕು: ಚಿತ್ರವನ್ನು ಬಚ್ಚಿಟ್ಟವನು ಮಾತನ್ನು ಬಚ್ಚಿಡಲಿಲ್ಲ. ಆ ಹುಡುಗಿ ಹೇಗೆ ನಿಂತಿದ್ದಳು, ಕೈಗಳನ್ನು ಹೇಗೆ ಹಿಡಿದಿದ್ದಳು ಎಂಬುದನ್ನೆಲ್ಲ ಲೋಕಕ್ಕೆ ಹೇಳಿದ.

ನಮ್ಮ ಜಾಲಗಳಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು. ಚಿತ್ರಗಳು ಸಾವಿರ, ಮಾತು ಇಲ್ಲ.

ಮೊದಲು ಬೀಗದ ವಿಷಯ ಮುಗಿಸಿಬಿಡೋಣ. ಇವುಗಳಲ್ಲಿ ಎರಡು ಬಗೆ. ಒಂದರಲ್ಲಿ ಬೀಗದ ಕೈ ಸಂಸ್ಥೆಯವರ ಹತ್ತಿರವೂ ಇರುತ್ತದೆ. ನಾವು ಮರೆತರೆ ಅವರು ತೆರೆದುಕೊಡುತ್ತಾರೆ, ಮನಸ್ಸು ಬಂದರೆ ತಾವೂ ತೆರೆದು ನೋಡಬಲ್ಲರು. ಇನ್ನೊಂದರಲ್ಲಿ ಚಿತ್ರ ನಮ್ಮ ಫೋನಿನಲ್ಲಿಯೇ ಗೂಢಲಿಪಿಯಾಗಿ ಹೊರಡುತ್ತದೆ. ಕೀಲಿಕೈ ನಮ್ಮಲ್ಲಿ ಮಾತ್ರ. ಕಳೆದುಕೊಂಡರೆ ಬ್ರಹ್ಮನೂ ತೆರೆಯಲಾರ. ಮೊದಲನೆಯದರಲ್ಲಿ ನಂಬಿಕೆಯ ಅಪಾಯ, ಎರಡನೆಯದರಲ್ಲಿ ಮರೆವಿನ ಅಪಾಯ. ಆಪ್ತತೆಯ ಹೆಸರಿನಲ್ಲಿ ಹೊರಟ ಪಾತ್ ಸಂಸ್ಥೆ ಬಳಕೆದಾರರ ಫೋನಿನ ವಿಳಾಸಪಟ್ಟಿಗಳನ್ನು ಕೇಳದೆಯೇ ತನ್ನ ಸರ್ವರುಗಳಿಗೆ ಸಾಗಿಸಿಕೊಂಡದ್ದು 2012ರಲ್ಲಿ ಬಯಲಾಯಿತು. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಕೂಡಿಹಾಕಿದ ಆರೋಪಕ್ಕೆ 2013ರಲ್ಲಿ ಅದು 8 ಲಕ್ಷ ಡಾಲರು ತೆತ್ತಿತು. 2018ರಲ್ಲಿ ಬಾಗಿಲು ಮುಚ್ಚಿತು. ನಮ್ಮ ದೇಶದಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿದ್ದು ಅನೇಕರಿಗೆ ನೆನಪಿರಬಹುದು. ವ್ಯಾಪಾರಿಯ ಉಗ್ರಾಣ ವ್ಯಾಪಾರ ಇರುವ ತನಕ. ಆದ್ದರಿಂದ ಪ್ರತಿಯೊಂದು ಮನೆಯೂ ತನ್ನ ಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಂಡಿರಬೇಕು. ಕೀಲಿಕೈಯನ್ನು ಇಬ್ಬರಾದರೂ ಬಲ್ಲವರಿರಬೇಕು. ಇದು ವಿವೇಕದ ಮಾತು. ವಿಮರ್ಶೆಯ ಮಾತು ಇದರ ಆಚೆಗಿದೆ.

ನಮ್ಮ ಸಂಪುಟದಲ್ಲಿ ಒಂದು ಚಮತ್ಕಾರವುಂಟು. ಯಂತ್ರವು ಮುಖಗಳನ್ನು ಗುರುತು ಹಿಡಿದು, ಒಬ್ಬೊಬ್ಬರ ಚಿತ್ರಗಳನ್ನು ಬೇರೆ ಬೇರೆ ಕಟ್ಟುಗಳಾಗಿ ಜೋಡಿಸಿಡುತ್ತದೆ. ತಂದೆಯವರದೊಂದು ಕಟ್ಟು, ತಾಯಿಯವರದೊಂದು, ನನ್ನದೊಂದು. ನೋಡುತ್ತ ಹೋದ ಹಾಗೆ ಒಂದು ಕಟ್ಟು ಇಲ್ಲವೆಂಬುದು ನನಗೆ ತಟ್ಟನೆ ಹೊಳೆಯಿತು. ಅದು ನಮ್ಮ ದೊಡ್ಡ ಸೋದರತ್ತೆಯದು, ಎಂದರೆ ನಮ್ಮ ತಂದೆಯ ಅಕ್ಕನದು. ಎಂಟು ವರ್ಷಕ್ಕೆ ಮದುವೆಯಾಗಿ ಹನ್ನೊಂದಕ್ಕೆ ವಿಧವೆಯಾಗಿ ತವರಿಗೆ ಬಂದವರು. 1971ರಲ್ಲಿ ತೀರಿಕೊಳ್ಳುವ ತನಕ ಆ ಮನೆಯ ಒಲೆ ಉರಿದದ್ದು ಅವರ ಕೈಯಿಂದ. ತಲೆ ಬೋಳಿಸಿದ ಹೆಂಗಸನ್ನು ಯಾರು ಕ್ಯಾಮೆರಾದ ಮುಂದೆ ಕರೆದು ಕೂರಿಸುತ್ತಾರೆ? ಮುಖವಿಲ್ಲದವರಿಗೆ ಯಂತ್ರ ಕಟ್ಟು ಕಟ್ಟಲಾರದು.

ಆದರೆ ಅವರು ಒಂದು ಚಿತ್ರದಲ್ಲಿ ಇದ್ದಾರೆ. 1962ರಲ್ಲಿ, ನಮ್ಮಕ್ಕನ ಮದುವೆಯ ಮಾರನೆಯ ದಿನ, ಜಗಲಿಯ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ ತೆಗೆದ ಚಿತ್ರ ಅದು. ಬಲತುದಿಯಲ್ಲಿ ಅರ್ಧ ತೆರೆದ ಬಾಗಿಲು, ಚೌಕಟ್ಟನ್ನು ಹಿಡಿದ ಒಂದು ಕೈ, ಬಳೆಯಿಲ್ಲದ ಮಣಿಕಟ್ಟು. ಆ ಮದುವೆಗೆಂದು ಒಂದು ತಿಂಗಳು ಹಪ್ಪಳ ಸಂಡಿಗೆ ಇಟ್ಟ ಕೈ ಅದು.

ಆ ಚಿತ್ರದ ಕೆಳಗೆ ನಾನು ನಾಲ್ಕು ಸಾಲು ಬರೆದೆ. ಆ ಕೈ ಯಾರದು ಎಂಬುದನ್ನು ಹೇಳಿದೆ. ಗಂಡನ ಮನೆಯವರು ಜೀವನಾಂಶವೆಂದು ಅವರಿಗೆ ಒಂದೇ ಸಲ ಕೊಟ್ಟಿದ್ದ ಹಣವನ್ನು ನಮ್ಮ ತಾತ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ತೆಗೆದುಕೊಂಡರು, ಆ ಹಣದಲ್ಲಿ ನಮ್ಮ ತಂದೆ ಮೈಸೂರಿನಲ್ಲಿ ಓದಿದರು, ಹಣ ಹಿಂತಿರುಗಲಿಲ್ಲ. ಇದನ್ನು ನಮ್ಮ ತಂದೆಯೇ ಕೊನೆಗಾಲದಲ್ಲಿ ನನಗೆ ಹೇಳಿದ್ದರು. ಹೇಳುವಾಗ ಅವರ ಧ್ವನಿ ಸರಿಯಾಗಿರಲಿಲ್ಲ. ಅದನ್ನೂ ಬರೆದೆ.

ಎರಡು ದಿನ ಬಿಟ್ಟು ನೋಡಿದರೆ ಸಾಲುಗಳು ಇರಲಿಲ್ಲ. ಹುಡುಗ ಫೋನು ಮಾಡಿ ಸಂಕೋಚದಿಂದ ಹೇಳಿದ: “ಅಪ್ಪ ತೆಗೀ ಅಂದ್ರು, ಚಿಕ್ಕಪ್ಪ. ಮಕ್ಕಳೆಲ್ಲ ನೋಡ್ತಾರೆ, ಮುತ್ತಾತನ ಬಗ್ಗೆ ಏನು ತಿಳ್ಕೋತಾರೆ ಅಂತ. ಇದರಲ್ಲಿ ಸಂತೋಷದ ವಿಷಯ ಸಾಕು ಅಂದ್ರು.” ಚಿತ್ರ ಇನ್ನೂ ಅಲ್ಲೇ ಇದೆ. ‘ಅತ್ತೆಯ ಮದುವೆ, 1962’ ಎಂದು ಅವನ ಮಾತಿನಲ್ಲಿ ಶೀರ್ಷಿಕೆ ಇದೆ. ಕೆಳಗೆ ಹದಿನಾಲ್ಕು ಮಂದಿ ಒತ್ತಿದ ಕೆಂಪು ಹೃದಯಗಳಿವೆ.

ಹೊರಗಿನವರಿಂದ ಮರೆಮಾಡುವುದು ಬೇರೆ, ಒಳಗಿನವರಿಂದ ಮರೆಮಾಡುವುದು ಬೇರೆ. ಮೊದಲನೆಯದು ಮರ್ಯಾದೆ. ಎರಡನೆಯದು ಮರ್ಯಾದೆಯ ವೇಷ ತೊಟ್ಟ ಅಂಜಿಕೆ. ಬೀಗ ಹಾಕಿದ ಜಾಲದಲ್ಲಿ ಎರಡನೆಯದು ಬಹಳ ಸುಲಭ. ಏಕೆಂದರೆ ಕೇಳುವವರು ಯಾರೂ ಇಲ್ಲ. ಟ್ರಂಕಿನಲ್ಲಿ ಒಂದು ಕಾಗದವಿದ್ದರೆ, ಅದನ್ನು ಸುಡಬೇಕಾದವನಿಗೆ ಬೆಂಕಿಕಡ್ಡಿಯಾದರೂ ಬೇಕಾಗಿತ್ತು, ಸುಡುವಾಗ ಕೈ ನಡುಗುತ್ತಿತ್ತು. ಇಲ್ಲಿ ಬೆರಳಿನಿಂದ ಒಮ್ಮೆ ಒತ್ತಿದರೆ ಆಯಿತು, ಬೂದಿಯೂ ಉಳಿಯುವುದಿಲ್ಲ.

ನಮ್ಮ ಸಾಹಿತ್ಯದಿಂದ ಒಂದು ನಿದರ್ಶನ ಕೊಡುತ್ತೇನೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಯಿತು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ತಮ್ಮ ಬಂಧುವರ್ಗದಲ್ಲಿ ನಿಜವಾಗಿ ಬಾಳಿದ್ದ ಬಾಲವಿಧವೆಯೊಬ್ಬರ ಕಥೆ ಅದು. ತಾಯಿಯ ಬಾಯಿಂದ ಕೇಳಿದ್ದನ್ನು ಮಗಳು ಕಾದಂಬರಿಯಾಗಿಸಿದರು. ಅದರಲ್ಲಿ ದೂರುವ ದನಿ ಇಲ್ಲ; ಮನೆತನವನ್ನು ಬೀದಿಗೆಳೆಯುವ ಹಟವಿಲ್ಲ; ಹಾಗೆಂದು ಮುಚ್ಚುಮರೆಯೂ ಇಲ್ಲ. ಆ ಕಥೆ ಮೂವತ್ತು ಮಂದಿ ಬಂಧುಗಳ ಬೀಗದೊಳಗೆ ಇದ್ದಿದ್ದರೆ, ಯಾರಾದರೂ ಒಬ್ಬ ಹಿರಿಯರು ‘ಸಂತೋಷದ ವಿಷಯ ಸಾಕು’ ಎನ್ನದೆ ಇರುತ್ತಿದ್ದರೇ? ಫಣಿಯಮ್ಮ ನಮ್ಮೆಲ್ಲರಿಗೂ ಅಜ್ಜಿಯಾದದ್ದು ಒಬ್ಬ ತಾಯಿ ಹೇಳಿದ್ದರಿಂದ, ಒಬ್ಬ ಮಗಳು ಕೇಳಿಸಿಕೊಂಡು ಬರೆದದ್ದರಿಂದ.

ನೆನಪೆಂಬುದು ಪೆಟ್ಟಿಗೆಯಲ್ಲಿ ಇರುವ ವಸ್ತುವಲ್ಲ. ಒಬ್ಬರು ಹೇಳಿ ಇನ್ನೊಬ್ಬರು ಕೇಳಿದಾಗ ಆಗುವ ಕ್ರಿಯೆ. ನಮ್ಮ ನಾಡಿನ ಹೆಳವರಿಗೆ ಇದು ಗೊತ್ತಿತ್ತು. ಎತ್ತಿನ ಮೇಲೆ ಊರಿಂದೂರಿಗೆ ಬಂದು ಒಕ್ಕಲು ಮನೆತನಗಳ ವಂಶಾವಳಿ ಹಾಡಿ ಹೇಳುವುದು ಅವರ ಕಸುಬು. ನಾನು ಹುಡುಗನಾಗಿದ್ದಾಗ ನಮ್ಮ ನೆರೆಯ ಗೌಡರ ಮನೆಯಂಗಳದಲ್ಲಿ ಒಬ್ಬ ಹೆಳವ ನಿಂತು, ಅವರ ಹಿರಿಯರು ಯಾವ ಊರು ಬಿಟ್ಟು ಬಂದರು, ಎಲ್ಲಿ ಹಿಸ್ಸೆಯಾದರು, ಯಾರಿಗೆ ಎಷ್ಟು ಮಕ್ಕಳು ಎಂದು ಹೇಳುತ್ತಿದ್ದುದನ್ನು ಕೇಳಿದ್ದೇನೆ. ಮನೆಯವರೆಲ್ಲ ಹೊರಬಂದು ನಿಂತಿದ್ದರು. ಬೀದಿಯ ಹುಡುಗರಾದ ನಾವೂ ಇದ್ದೆವು. ಹೇಳಿ ಮುಗಿಸಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ಕಾಳು ಪಡೆದು ಹೋದ. ನಾನು ಕೇಳಿದ ಮಟ್ಟಿಗೆ ಅವನ ಹಾಡಿನಲ್ಲಿಯೂ ಹೆಣ್ಣುಮಕ್ಕಳ ಹೆಸರು ವಿರಳವೇ. ಆ ಪದ್ಧತಿಯನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಆದರೆ ಮನೆಯ ಕಥೆಯನ್ನು ಕಾಪಾಡುವವನು ಆ ಮನೆಯವನಲ್ಲ ಎಂಬುದರಲ್ಲಿ ಒಂದು ವಿವೇಕವಿತ್ತು. ಯಜಮಾನನಿಗೆ ಹಿಡಿಸದ ಹೆಸರನ್ನು ಅಳಿಸಲು ಪುಸ್ತಕ ಯಜಮಾನನ ಕೈಯಲ್ಲಿರಲಿಲ್ಲ.

ಹಾಗಾದರೆ ನನ್ನ ತೀರ್ಮಾನವೇನು? ಸಂಗ್ರಹವಾಗಿ ನಮ್ಮ ಸಂಪುಟ ಉತ್ತಮವಾದದ್ದು. ಕೃತಿಯಾಗಿ ಇನ್ನೂ ಆರಂಭವಾಗಿಲ್ಲ. ಬೀಗ ಇರಲಿ, ಬದುಕಿರುವವರ ಮಾನಕ್ಕೂ ಮಕ್ಕಳ ಕ್ಷೇಮಕ್ಕೂ ಅದು ಬೇಕು. ಅದರ ಒಳಗೆ ಒಂದು ಕಟ್ಟಳೆಯೂ ಇರಲಿ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಕೂಡದು. ಒಪ್ಪದವರು ಕೆಳಗೆ ತಮ್ಮ ಮಾತನ್ನು ಬರೆಯಲಿ. ನಮ್ಮಣ್ಣನಿಗೆ ನನ್ನ ಸಾಲುಗಳು ಸುಳ್ಳೆಂದು ತೋರಿದರೆ, ತಾತ ಆ ಹಣವನ್ನು ಏಕೆ ತೆಗೆದುಕೊಳ್ಳಬೇಕಾಯಿತೆಂದು ಅವನು ಬರೆಯಬಹುದು. ಬರಗಾಲವಿದ್ದೀತು, ಸಾಲವಿದ್ದೀತು. ಅವನು ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಕಾಣದ್ದನ್ನು ಕಂಡವನು. ಆ ಮೊಮ್ಮಕ್ಕಳು ಎರಡನ್ನೂ ಓದಲಿ. ತಾತನನ್ನು ಅವರು ತಪ್ಪು ತಿಳಿಯುತ್ತಾರೆಂಬ ಭಯ ನನಗಿಲ್ಲ. ಅತ್ತೆ ಇದ್ದರೆಂಬುದನ್ನೇ ತಿಳಿಯುವುದಿಲ್ಲವೆಂಬ ಭಯವಿದೆ.

ಈ ಲೇಖನದಲ್ಲಿ ನಾನೂ ಅವರ ಹೆಸರನ್ನು ಹೇಳಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಅದನ್ನು ಮೊದಲು ಹೇಳಬೇಕಾದದ್ದು ಮನೆಯೊಳಗೆ. ನಮ್ಮಣ್ಣ ಭಾನುವಾರದ ಈ ಪುಟವನ್ನು ತಪ್ಪದೆ ಓದುತ್ತಾನೆ. ಮಧ್ಯಾಹ್ನ ಊಟವಾದ ಮೇಲೆ ಅವನಿಗೆ ಫೋನು ಮಾಡುವವನಿದ್ದೇನೆ.