ಕಬ್ಬಿಣದ ಮೇಲಣ ಮೊದಲ ಬಣ್ಣ

ಹಳೆಯ ಮೋಟಾರು ಕಾರುಗಳ ಜೀರ್ಣೋದ್ಧಾರದಲ್ಲಿ ತೊಡಗಿದ ರಸಿಕರು ಹೊರಮೈಯ ವರ್ಣದ ವಿಷಯದಲ್ಲಿ ತೋರುವ ನಿಷ್ಠೆಯನ್ನು ಬಾನೆಟ್ಟಿನ ಕೆಳಗಣ ಎಂಜಿನ್ನಿನ ವಿಷಯದಲ್ಲಿ ತೋರುವುದು ವಿರಳ. ತಗಡಿಗೆ ಕಾರ್ಖಾನೆಯದೇ ಛಾಯೆ ಬೇಕೆಂದು ಊರೂರು ಅಲೆದವರೂ ಕೂಡ ಎಂಜಿನ್ನಿಗೆ ಅಂಗಡಿಯಲ್ಲಿ ಸುಲಭವಾಗಿ ದೊರೆತ ಬೆಳ್ಳಿಬಣ್ಣವನ್ನು ಬಳಿಸಿ ತೃಪ್ತರಾಗಿಬಿಡುತ್ತಾರೆ. ಇದು ನನ್ನನ್ನು ಬಹುಕಾಲದಿಂದ ನೋಯಿಸುತ್ತಿರುವ ಸಂಗತಿ.

ಉದಾಹರಣೆಗೆ, ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿ ಜೋಡಣೆಯ ಕಾರ್ಖಾನೆಯೊಂದನ್ನು ತೆರೆದು 1954ರವರೆಗೆ ನಡೆಸಿದುದರಿಂದ, ನಮ್ಮ ಜಮಖಂಡಿ-ಮುಧೋಳ ಸೀಮೆಯ ಯಾವುದಾದರೂ ಹಳೆಯ ಕೊಟ್ಟಿಗೆಯಲ್ಲಿ ಷೆವರ್ಲೆ ಕಾರೊಂದು ಕಣ್ಣಿಗೆ ಬಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಅದರ 216 ಘನ ಅಂಗುಲದ, ಆರು ಸಿಲಿಂಡರಿನ ಎಂಜಿನ್ನು ಬೂದುಬಣ್ಣದ್ದು. ಆದರೆ 1955ರ ವಿ-8 ಎಂಜಿನ್ನಿನೊಡನೆ ಖ್ಯಾತಿಗೆ ಬಂದ ಕಿತ್ತಳೆಬಣ್ಣವೇ ಷೆವರ್ಲೆಯ ಸರ್ವಕಾಲದ ವರ್ಣವೆಂಬ ಭ್ರಾಂತಿಯು ಎಷ್ಟು ಹರಡಿದೆಯೆಂದರೆ, ಯುದ್ಧಪೂರ್ವದ ಎಂಜಿನ್ನುಗಳೂ ಕಿತ್ತಳೆಯಾಗಿ ಪ್ರದರ್ಶನಗಳಿಗೆ ಬರುತ್ತಿವೆ. ಎರಕದ ಮೇಲೆಯೇ ತಿಂಗಳನ್ನು ಸೂಚಿಸುವ ಅಕ್ಷರ, ತಾರೀಖು ಮತ್ತು ವರ್ಷದ ಕೊನೆಯ ಅಂಕಿಯನ್ನು ಆ ಕಂಪನಿಯವರು ಮೂಡಿಸಿರುವಾಗ, ಅದನ್ನು ಓದದೆ ಬಣ್ಣದ ಡಬ್ಬಿಯನ್ನು ತೆರೆಯುವುದು ಸರಿಯಲ್ಲ.

ಇನ್ನೊಂದು ತೊಡಕುಂಟು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 1489 ಸಿಸಿಯ ಬಿ-ಸರಣಿಯ ಎಂಜಿನ್ನು ಆಸ್ಟಿನ್ ಕಾರಿನಲ್ಲಿ ಹಸುರಾಗಿಯೂ ಎಂ.ಜಿ.ಎ. ಕಾರಿನಲ್ಲಿ ಕಡುಗೆಂಪಾಗಿಯೂ ಇತ್ತು. ಅದೇ ವಂಶದ ಎಂಜಿನ್ನು ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ನಮ್ಮ ಅಂಬಾಸಡರಿಗೂ ಬಂದಿತು. ವರ್ಣವು ಎಂಜಿನ್ನಿನ ಅಚ್ಚನ್ನು ಅನುಸರಿಸದೆ ಕಾರಿನ ಹೆಸರನ್ನೂ ಕಾಲವನ್ನೂ ಅನುಸರಿಸುತ್ತದೆಯಾದುದರಿಂದ, ವಿಲಾಯತಿಯ ಪಟ್ಟಿಯನ್ನು ನೋಡಿ ಉತ್ತರಪಾಡಾದ ಎಂಜಿನ್ನಿಗೆ ಬಣ್ಣ ನಿಶ್ಚಯಿಸುವವರನ್ನು ನಾನು ಒಪ್ಪಲಾರೆ. ಸಾಕ್ಷ್ಯವನ್ನು ಆ ಕಬ್ಬಿಣದ ಮೇಲೆಯೇ ಹುಡುಕಬೇಕು.

ಹುಡುಕುವ ಮೊದಲೇ ಆ ಸಾಕ್ಷ್ಯವನ್ನು ನಾಶಮಾಡುವ ವಸ್ತುವೆಂದರೆ ಗ್ಯಾರೇಜಿನ ಕಾಸ್ಟಿಕ್ ಸೋಡಾ. ಗಲಗಲಿಯ ಕೃಷ್ಣಾತೀರದ ಹೊಲವೊಂದರಲ್ಲಿ, ಹಿಂದೆ ನದಿಯ ನೀರೆತ್ತುತ್ತಿದ್ದ ಲಿಸ್ಟರ್ ಎಣ್ಣೆ ಎಂಜಿನ್ನೊಂದನ್ನು ನೋಡಿದಾಗ ಇದು ನನಗೆ ಪ್ರತ್ಯಕ್ಷವಾಯಿತು. ಕಾರಿನದಲ್ಲದಿದ್ದರೂ ಅದರ ಪಾಠ ಕಾರಿಗೂ ಸಲ್ಲುವಂಥದು. "ಇದು ಮೊದಲಿಂದನೂ ಕಂದು ಬಣ್ಣದ್ದ ಐತ್ರಿ ಸರ, ನಮ್ಮ ಅಜ್ಜಾರ ಕಾಲದಾಗಿಂದು, ವರ್ಷಾ ಸೋಡಾ ಹಾಕಿ ತೊಳೀತೀವಿ" ಎಂದರು ಹೊಲದ ಯಜಮಾನರು. ಅವರ ಅನುಮತಿಯಿಂದ ಹಿತ್ತಾಳೆಯ ಹೆಸರಿನ ಫಲಕವನ್ನು ಬಿಚ್ಚಿದರೆ, ಅದರ ಕೆಳಗೆ ಗಂಭೀರವಾದ ಶುದ್ಧ ಹಸುರು! ಆ ಕಾಲದ ಬ್ರನ್ಸ್‌ವಿಕ್ ಹಸುರೆಂಬುದು ಸೀಸದ ಕ್ರೋಮೇಟಿನ ಹಳದಿಯೂ ಪ್ರಷ್ಯನ್ ನೀಲಿಯೂ ಕೂಡಿದ ಮಿಶ್ರಣ. ಪ್ರಷ್ಯನ್ ನೀಲಿಗೆ ಕ್ಷಾರವು ಪರಮವೈರಿ. ಕ್ಷಾರ ತಾಗಿದೊಡನೆ ನೀಲಿಯು ಅಳಿದು ಕಬ್ಬಿಣದ ಕಂದು ಶೇಷವಷ್ಟೇ ಉಳಿಯುತ್ತದೆ. ಹೊಗೆಕೊಳವೆಯ ಬದಿಯ ತೀವ್ರವಾದ ಕಾವೂ ಕಾಲಕ್ರಮದಲ್ಲಿ ಇದೇ ಕೆಲಸವನ್ನು ಮಾಡುತ್ತದೆ. ಫಲಕದ ಕೆಳಗಿನ ಹಸುರನ್ನು ವರ್ಣಪತ್ರದೊಡನೆ ಹಿಡಿದು ನೋಡಿದಾಗ ಅದು 226ನೆಯ ಸಂಖ್ಯೆಯ ಮಧ್ಯಮ ಬ್ರನ್ಸ್‌ವಿಕ್ ಹಸುರಿಗೆ ಹೊಂದಿತು. ಬ್ರಿಟಿಷರ 381ಸಿ ಮಾನಕದಲ್ಲಿಯೂ ನಮ್ಮ ಐಎಸ್ 5 ಮಾನಕದಲ್ಲಿಯೂ ಆ ವರ್ಣಕ್ಕೆ ಒಂದೇ ಸಂಖ್ಯೆಯಿರುವುದು ನಮಗೆ ದೊಡ್ಡ ಅನುಕೂಲ.

ಆದಕಾರಣ ಎಂಜಿನ್ನನ್ನು ಬಿಚ್ಚಿದ ದಿನವೇ ಮಿಸ್ತ್ರಿಗೆ ಸೋಡಾ ತೊಟ್ಟಿಯನ್ನು ದೂರವಿಡಲು ಹೇಳಿ, ಡೈನಮೋ ಹಿಡಿಕೆಯ ಹಿಂದೆ, ಮೌಂಟಿಂಗಿನ ಅಡಿಯಲ್ಲಿ, ಎಣ್ಣೆ ಮತ್ತು ಧೂಳು ಕೂಡಿ ಗಟ್ಟಿಯಾದ ಜಿಡ್ಡಿನ ಕೆಳಗೆ ಚಿಮಣಿ ಎಣ್ಣೆಯಲ್ಲಿ ತೋಯಿಸಿದ ಬಟ್ಟೆಯಿಂದ ಮೆಲ್ಲನೆ ಒರೆಸಬೇಕು. ಆ ಜಿಡ್ಡೇ ಬಣ್ಣವನ್ನು ಕಾಪಾಡಿರುತ್ತದೆ. ಅನಂತರ ಸಣ್ಣ ನುಣುಪಿನ ವಾಟರ್ ಪೇಪರಿನಿಂದ ನಾಣ್ಯದಷ್ಟು ಜಾಗವನ್ನು ಉಜ್ಜಿದರೆ, ಒಂದರ ಮೇಲೊಂದು ಬಳಿದ ಬಣ್ಣಗಳು ಉಂಗುರ ಉಂಗುರವಾಗಿ ಹೊರಬಿದ್ದು, ಕಬ್ಬಿಣಕ್ಕೆ ಅತ್ಯಂತ ಸಮೀಪದಲ್ಲಿರುವ ಬಣ್ಣವು ತಾನಾಗಿಯೇ ಕಾಣಿಸಿಕೊಳ್ಳುವುದು. ಅದನ್ನು ಟ್ಯೂಬ್‌ಲೈಟಿನಡಿ ನೋಡಬಾರದು. ನೆರಳಿನ ಹಗಲುಬೆಳಕಿನಲ್ಲಿ, ಹನಿ ಎಣ್ಣೆ ಸವರಿ ನೋಡಬೇಕು, ಏಕೆಂದರೆ ಒಣಗಿ ಪುಡಿಯಾದ ಮೇಲ್ಮೈ ಬಣ್ಣವನ್ನು ಬಿಳಿಚಿ ತೋರಿಸುತ್ತದೆ.

ಬೂದುಬಣ್ಣದಲ್ಲಿ ಮಾತ್ರ ಮರೆಯ ಜಾಗವೂ ಪೂರ್ಣ ಸತ್ಯವನ್ನು ನುಡಿಯದು. ಅಗಸೆ ಎಣ್ಣೆಯ ಬಣ್ಣವು ಕತ್ತಲೆಯಲ್ಲಿ ಹಳದಿಗೆ ತಿರುಗುವ ಸ್ವಭಾವದ್ದಾದುದರಿಂದ, ಫಲಕದ ಅಡಿಯ ಬೂದು ಹಸುರು ಮಿಶ್ರಿತವಾಗಿ ತೋರಬಹುದು. ಆ ತುಣುಕನ್ನು ಕೆಲವು ದಿನ ಬಿಸಿಲಿಗಿಟ್ಟರೆ ಹಳದಿಯ ಬಹುಭಾಗ ಇಳಿಯುತ್ತದೆ. ಆಮೇಲೆಯೇ ಅಂಗಡಿಯವನಿಗೆ ನಮೂನೆ ಕೊಡುವುದು ಲೇಸು.

ಹೊಸ ಬಣ್ಣವನ್ನು ಹಚ್ಚುವಾಗ ಹೆಸರಿನ ಫಲಕದ ಅಡಿಯಲ್ಲಿ ಒಂದು ಅಂಗುಲದಷ್ಟು ಹಳೆಯ ಬಣ್ಣವನ್ನು ಮುಟ್ಟದೆ ಬಿಟ್ಟು, ನಾವು ಬಳಸಿದ ವರ್ಣದ ಸಂಖ್ಯೆಯನ್ನು ಕಾರಿನ ಕಾಗದಪತ್ರಗಳೊಡನೆ ಬರೆದಿಡಬೇಕೆಂದು ಓದುಗರಲ್ಲಿ ನನ್ನ ಪ್ರಾರ್ಥನೆ; ಮುಂದೊಮ್ಮೆ ಆ ಎಂಜಿನ್ನನ್ನು ಬಿಚ್ಚುವವರು ನಮ್ಮ ನಿರ್ಣಯವನ್ನು ಪರೀಕ್ಷಿಸಿ, ತಪ್ಪಿದ್ದರೆ ತಿದ್ದಲಿ.