ಅಕ್ಷರದಲ್ಲಿ ಮೊತ್ತ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ವಾಹನ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಯಾವ ಚಿಕ್ಕ ಘಟಕದ ಬಿಲ್ಲನ್ನು ತೆಗೆದು ನೋಡಿದರೂ, ಒಟ್ಟು ಮೊತ್ತದ ಅಡಿಯಲ್ಲಿ ಅದೇ ಮೊತ್ತವು ಇಂಗ್ಲಿಷ್ ಅಕ್ಷರಗಳಲ್ಲಿ ಮತ್ತೊಮ್ಮೆ ಮುದ್ರಿತವಾಗಿ, ಮುಂದಕ್ಕೆ ಯಾರೂ ಏನನ್ನೂ ಸೇರಿಸದಂತೆ 'ಓನ್ಲಿ' ಎಂಬ ಪದದಿಂದ ಮುಗಿದಿರುತ್ತದೆ. ಓದುವವರು ವಿರಳ. ನಾನಾದರೋ ಮೊದಲು ಓದುವುದೇ ಆ ಪಂಕ್ತಿಯನ್ನು; ಅದನ್ನು ಬರೆಯುವ ಪ್ರೋಗ್ರಾಮಿನ ಕರ್ತೃ ಎಷ್ಟು ಸೂಕ್ಷ್ಮಮತಿ ಎಂಬುದು ಅಷ್ಟರಲ್ಲಿಯೇ ಪ್ರಕಟವಾಗಿಬಿಡುತ್ತದೆ. ಚೆಕ್ಕಿನ ವಿಷಯದಲ್ಲಂತೂ, ಅಂಕೆಗೂ ಅಕ್ಷರಕ್ಕೂ ವಿರೋಧ ಬಂದಲ್ಲಿ ಅಕ್ಷರವೇ ಪ್ರಮಾಣವೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 18ನೆಯ ಕಲಮು ವಿಧಿಸಿದೆ.

ಇಂತಹ ಪ್ರೋಗ್ರಾಮಿಗೆ ಬೇಕಾದ ಸಾಮಗ್ರಿ ಅತ್ಯಲ್ಪ: ಒಂದರಿಂದ ಹತ್ತೊಂಬತ್ತರವರೆಗಿನ ಹೆಸರುಗಳು, ಇಪ್ಪತ್ತು ಮೊದಲಾಗಿ ತೊಂಬತ್ತರವರೆಗಿನ ಎಂಟು ದಶಕನಾಮಗಳು, ಮೇಲೆ ಹಂಡ್ರೆಡ್, ಥೌಸಂಡ್, ಲ್ಯಾಖ್, ಕ್ರೋರ್. ಸಂಖ್ಯೆಯನ್ನು ಕೋಟಿಯಿಂದ ಭಾಗಿಸಿ ಭಾಗಲಬ್ಧವನ್ನು ಹೆಸರಿಸಿ, ಶೇಷವನ್ನು ಲಕ್ಷದಿಂದಲೂ ಅನಂತರ ಸಾವಿರದಿಂದಲೂ ನೂರರಿಂದಲೂ ಭಾಗಿಸುತ್ತ ಇಳಿದು ಬಂದರೆ ಕೆಲಸ ಮುಗಿಯಿತು. ಪರೀಕ್ಷೆಯಿರುವುದು ಸೊನ್ನೆಯಲ್ಲಿ. 1,00,05,040ನ್ನು ಕೊಟ್ಟು ನೋಡಿ: ಅಜಾಗರೂಕ ಪ್ರೋಗ್ರಾಮು 'ವನ್ ಕ್ರೋರ್ ಲ್ಯಾಖ್ ಫೈವ್ ಥೌಸಂಡ್ ಹಂಡ್ರೆಡ್ ಫಾರ್ಟಿ' ಎಂದು ಬಡಬಡಿಸುತ್ತದೆ, ಬಲ್ಲದ್ದು, ಬರಿದಾದ ಸ್ಥಾನದ ಹೆಸರನ್ನೇ ಎತ್ತದೆ, 'ವನ್ ಕ್ರೋರ್ ಫೈವ್ ಥೌಸಂಡ್ ಆ್ಯಂಡ್ ಫಾರ್ಟಿ' ಎನ್ನುತ್ತದೆ. ಆ 'ಆ್ಯಂಡ್' ಇಲ್ಲದ ಅಮೆರಿಕದ ಪದ್ಧತಿ ನನ್ನ ಕಿವಿಗೆ ಒಗ್ಗದು.

ಪೈಸೆಯ ಕಡೆ ತೊಡಕು ಬೇರೆ ಬಗೆಯದು. 4.35 ಎಂಬುದು ಯಂತ್ರದ ದ್ವಿಮಾನ ಪದ್ಧತಿಯಲ್ಲಿ ನಿಶ್ಶೇಷವಾಗಿ ಬರೆಯಲಾಗದ ಭಿನ್ನವಾದುದರಿಂದ, ಅದನ್ನು ನೂರರಿಂದ ಗುಣಿಸಿದಾಗ ಸಾಮಾನ್ಯವಾಗಿ 434.99999999999994 ಬರುತ್ತದೆ, ದಶಾಂಶವನ್ನು ಕತ್ತರಿಸಿಬಿಡುವ ಪ್ರೋಗ್ರಾಮು ಒಂದು ಪೈಸೆಯನ್ನು ನುಂಗಿ 'ಥರ್ಟಿ ಫೋರ್' ಎಂದು ಬರೆದು ನಿಶ್ಚಿಂತವಾಗಿರುತ್ತದೆ. ಆದಕಾರಣವೇ ಅನುಭವಿಗಳು ರೂಪಾಯಿಯ ಗೊಡವೆಗೆ ಹೋಗದೆ ಲೆಕ್ಕವನ್ನೆಲ್ಲ ಪೈಸೆಗಳ ಪೂರ್ಣಾಂಕದಲ್ಲಿ ಇಟ್ಟುಕೊಳ್ಳುತ್ತಾರೆ.

ಎಕ್ಸೆಲ್‌ನಲ್ಲಿ ಥಾಯ್ ಭಾಷೆಯಲ್ಲಿ ಮೊತ್ತ ಬರೆಯಲು 'ಬಾಟ್‌ಟೆಕ್ಸ್ಟ್' ಎಂಬ ಸಿದ್ಧ ಸೂತ್ರವುಂಟು, ಇಂಗ್ಲಿಷಿಗೆ ಅಂತಹುದಿಲ್ಲ ಎಂಬುದು ವಿನೋದದ ಸಂಗತಿ. ಆ ಕೊರತೆಗೆ ಮೈಕ್ರೋಸಾಫ್ಟ್ ಪ್ರಕಟಿಸಿದ 'ಸ್ಪೆಲ್‌ನಂಬರ್' ಎಂಬ ಮ್ಯಾಕ್ರೋ ಡಾಲರು, ಸೆಂಟು, ಮಿಲಿಯನ್ನುಗಳಲ್ಲಿ ಮಾತನಾಡುತ್ತದೆ. ಅದರಲ್ಲಿ 'ಡಾಲರ್ಸ್' ಅಳಿಸಿ 'ರುಪೀಸ್' ಎಂದು ತಿದ್ದಿ ತೃಪ್ತರಾದವರ ಬಿಲ್ಲಿನಲ್ಲಿ ಹನ್ನೆರಡೂವರೆ ಲಕ್ಷ ರೂಪಾಯಿಯು 'ವನ್ ಮಿಲಿಯನ್ ಟೂ ಹಂಡ್ರೆಡ್ ಫಿಫ್ಟಿ ಥೌಸಂಡ್' ಆಗಿ ಬೆಂಗಳೂರು ತಲಪುತ್ತದೆ. ಗಣಿತದಲ್ಲಿ ದೋಷವಿಲ್ಲ, ಆದರೆ ಲೆಕ್ಕಿಗನು ಬೆರಳಿಟ್ಟು ಸೊನ್ನೆಗಳನ್ನು ಎಣಿಸಬೇಕಾಗುತ್ತದೆ. ಇತ್ತ ಹೊಸೂರು ಸೇರಿರುವ ಕೃಷ್ಣಗಿರಿ ಜಿಲ್ಲೆಯಿಂದಲೇ ಮಾವಿನ ತಿರುಳನ್ನೋ ಗ್ರಾನೈಟನ್ನೋ ಹಡಗೇರಿಸುವವರು ಡಾಲರಿನಲ್ಲಿ ಬಿಲ್ಲು ಮಾಡುವಾಗ ಮಿಲಿಯನ್ನೇ ಯುಕ್ತ, ಲಕ್ಷವೆಂದರೆ ಕೊಳ್ಳುವವನು ಕಂಗೆಡುವನು. ಒಂದೇ ಜಿಲ್ಲೆಗೆ ಎರಡು ಎಣಿಕೆ ಬೇಕಾದಲ್ಲಿ, ಸ್ಥಾನನಾಮಗಳನ್ನು ಪ್ರೋಗ್ರಾಮಿನ ಒಡಲಲ್ಲಿ ಹುದುಗಿಸದೆ ಹೊರಗೊಂದು ಕೋಷ್ಟಕದಲ್ಲಿರಿಸಿ, ನಾಣ್ಯವನ್ನು ನೋಡಿ ಆಯುವಂತೆ ಮಾಡಿದವನ ಕೃತಿಗೆ ನನ್ನ ಮೊದಲ ಮಣೆ.